ಮ್ಯಾಟೋ ಮಣ್ಣೋ: ನಮ್ಮೂರ ಆಟಗಳಿಗೆ ಟಿವಿ ಗಡಿಯಾರ ಬಂದ ಮೇಲೆ

ಶಾಲ್ಮಲೆ (ಶಿರಸಿ)

ನಮ್ಮ ಸಂಘದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಈ ವರ್ಷ ಮ್ಯಾಟ್ ಮೇಲೇ ಆಗಬೇಕು ಅಂತ ಕಮಿಟಿಯಲ್ಲಿ ಹೆಚ್ಚಿನವರು ಹಟ ಹಿಡಿದಿದ್ದಾರೆ. ಮ್ಯಾಟ್ ಬಾಡಿಗೆಗೆ ತರಿಸುವುದು, ಯೂಟ್ಯೂಬ್ ಲೈವ್, ಎಲ್‌ಇಡಿ ಪರದೆ, ಟಿವಿಯಲ್ಲಿ ಬರುವ ಪ್ರೊ ಕಬಡ್ಡಿ ಲೀಗಿನ ಹಾಗೆ ಡೂ ಆರ್ ಡೈ ರೈಡು, ಸೂಪರ್ ಟ್ಯಾಕಲ್ಲು. ಖರ್ಚು ಸರಿದೂಗಬೇಕಾದರೆ ಪ್ರವೇಶ ಶುಲ್ಕ ಏರಿಸಬೇಕು. ಲೈವ್ ಕೊಡುವವರು ರಾತ್ರಿ 11ರೊಳಗೆ ಫೈನಲ್ ಮುಗಿಸಿ ಅಂತಾರೆ, ಹಾಗಾಗಿ 24 ತಂಡ ಬರುತ್ತಿದ್ದಲ್ಲಿ 8ಕ್ಕೆ ನಿಲ್ಲಿಸಬೇಕು.

ನನಗೆ ಸಂಕಟ ಆಗುತ್ತಿರುವುದು ಹೊರಗುಳಿಯುವ ಆ 16 ತಂಡಗಳ ಬಗ್ಗೆ. ಹುಲೇಕಲ್, ಬನವಾಸಿ, ದಾಸನಕೊಪ್ಪ ಕಡೆಯಿಂದ ಟೆಂಪೋ ಮಾಡಿಕೊಂಡು ಬರುವ ಹುಡುಗರು. ಮೊದಲ ಸುತ್ತಿನಲ್ಲೇ ಸೋತು, ಊಟ ಮುಗಿಸಿ, ಬೆಳಗಿನವರೆಗೆ ಗೆರೆ ಪಕ್ಕ ಕೂತು ದೊಡ್ಡ ತಂಡಗಳ ಆಟ ನೋಡಿ ಹೋಗುತ್ತಿದ್ದರು. ಮುಂದಿನ ವರ್ಷ ಅವರಲ್ಲೇ ಒಬ್ಬ ಗಟ್ಟಿ ರೈಡರ್ ಆಗಿ ಬರುತ್ತಿದ್ದ.

1991ರಲ್ಲಿ ದೇಶದ ಮಾರುಕಟ್ಟೆ ತೆರೆಯಿತು, ಅದೇ ಹೊತ್ತಿಗೆ ಡಿಶ್ ಚಾನೆಲ್‌ಗಳು ಬಂದವು, ಜಾಹೀರಾತು ಬಂತು, ಕೊನೆಗೆ ಲೀಗ್‌ಗಳು ಬಂದವು. ಇದರಿಂದ ನಮ್ಮ ಆಟಗಳಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಅಂದರೆ ಒಂದೇ ಮಾತಲ್ಲಿ ಹೇಳಲಾರೆ. ಯಾರಿಗೆ ಒಳ್ಳೆಯದಾಯಿತು, ಯಾರು ಬಿಟ್ಟುಹೋದರು ಅಂತ ಬಿಡಿಸಿ ನೋಡಬೇಕು. ಆಡಿದವರು, ಆಡಿಸಿದವರು ಬರೆಯಿರಿ. ಯಕ್ಷಗಾನದವರೂ ಬರೆಯಿರಿ, ರಾತ್ರಿಯಿಡೀ ಆಡುವ ಆಟವನ್ನು ಕೆಲವೇ ಗಂಟೆಗೆ ಇಳಿಸುವ ಕಾಲಮಿತಿ ಬಂದ ಮೇಲೆ ನಿಮ್ಮಲ್ಲೂ ಇಂಥದ್ದೇ ಪ್ರಶ್ನೆ ಎದ್ದಿತ್ತಲ್ಲ.


ಬಲಮೂಲೆ (ಕುಮಟಾ)

ಮ್ಯಾಟ್ ತರಿಸಿ ಮಾರಾಯ್ರೆ, ಎರಡು ಮಾತಿಲ್ಲ. ವರ್ಷಗಟ್ಟಲೆ ಅಂಕಣದ ಬಲಮೂಲೆಯಲ್ಲಿ ನಿಂತು ರೈಡರ್‌ಗಳ ಕಾಲಿನ ಗಂಟು (ಆಂಕಲ್) ಹಿಡಿದವ ನಾನು. ನಮ್ಮ ಕಡೆ ಮೇಲೆ ಎಷ್ಟು ಮಣ್ಣು ಹಾಕಿದರೂ ಅಡಿಯಲ್ಲಿ ಚಿರೇಕಲ್ಲೇ. ಮೊಣಕಾಲು ಏನಾಗಿದೆ ಅಂತ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ.

ಈ ಆಟಕ್ಕೆ ಮರ್ಯಾದೆ ಎಷ್ಟು ತಡವಾಗಿ ಬಂತು ಅಂತ ಸ್ವಲ್ಪ ನೋಡಿ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಅಲ್ಲಿಗೆ ಹೋಗಿ ಆಡಿ ತೋರಿಸಿದ್ದರು. ಏಷ್ಯನ್ ಗೇಮ್ಸ್‌ನಲ್ಲಿ ಪದಕದ ಆಟ ಆಗಲು 1990ರ ಬೀಜಿಂಗ್‌ವರೆಗೆ ಕಾಯಬೇಕಾಯಿತು. ಅಲ್ಲಿಂದ 2014ರವರೆಗೆ ಗಂಡಸರ ತಂಡ ಸತತ ಏಳು ಚಿನ್ನ ಗೆದ್ದಿತು. ಆ ಏಳು ತಂಡಗಳಲ್ಲಿ ಆಡಿದ ಐದು ಜನರ ಹೆಸರು ಹೇಳಿ ಅಂದರೆ ನಮ್ಮ ಪೇಟೆಯಲ್ಲಿ ಯಾರೂ ಹೇಳುತ್ತಿರಲಿಲ್ಲ.

2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ರಾಕೇಶ್ ಕುಮಾರ್‌ಗೆ, 12.80 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2.60 ಕೋಟಿ ದಾಟಿತು. ನಮ್ಮ ಬಿ.ಸಿ. ರಮೇಶ್ ಕೋಚ್ ಆಗಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಗೆದ್ದುಕೊಟ್ಟರು, ಪುಣೇರಿ ಪಲ್ಟನ್‌ಗೂ ಗೆದ್ದುಕೊಟ್ಟರು. ಟಿವಿ ಇಲ್ಲದೆ ಈ ದುಡ್ಡು ಎಲ್ಲಿಂದ ಬರಬೇಕಿತ್ತು?

ಆಟವೂ ಸುಧಾರಿಸಿದೆ. ಮೊದಲೆಲ್ಲ ಒಂದು ಪಾಯಿಂಟ್ ಮುಂದಿದ್ದವ ಗೆರೆ ಮುಟ್ಟಿ ವಾಪಸ್ ಬಂದು ಹೊತ್ತು ಕಳೆಯುತ್ತಿದ್ದ, ನೋಡುವವರಿಗೆ ಬೇಸರ. ಈಗ ರೈಡ್‌ಗೆ 30 ಸೆಕೆಂಡ್. ಎರಡು ಖಾಲಿ ರೈಡ್ ಆದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲವಾದರೆ ಔಟ್, ಅದೇ ಡೂ ಆರ್ ಡೈ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ರೈಡರ್‌ನನ್ನು ಹಿಡಿದರೆ ಒಂದು ಪಾಯಿಂಟ್ ಹೆಚ್ಚು, ಅದು ಸೂಪರ್ ಟ್ಯಾಕಲ್. ಹಿಡಿಯುವವರಿಗೂ ಒಂದು ಬೆಲೆ ಅಂತ ಬಂದದ್ದು ಈ ನಿಯಮಗಳಿಂದ.


ಏರುಮದ್ದಳೆ (ಹೊನ್ನಾವರ)

ಶಾಲ್ಮಲೆಯವರೇ, ನೀವು ಯಕ್ಷಗಾನದ ಮಾತು ಎತ್ತಿದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ರಾತ್ರಿಯಿಡೀ ಆಟ ಇದ್ದಾಗ ಮೊದಲು ರಂಗಕ್ಕೆ ಬರುವುದು ಹೆಸರಾದ ಕಲಾವಿದರಲ್ಲ. ಮೊದಲು ಕೋಡಂಗಿ. ಮೇಳಕ್ಕೆ ಹೊಸದಾಗಿ ಸೇರಿದ, ಮೀಸೆ ಚಿಗುರದ ಹುಡುಗರು ಗೆಜ್ಜೆ ಕಟ್ಟಿ ಬಂದು ಕಲಿತ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಆ ಹೊತ್ತಿಗೆ ಎದುರಿಗೆ ಜನವೂ ಕಡಿಮೆ. ಬಂದವರು ಕಂಬಳಿ ಹಾಸಿಕೊಳ್ಳುತ್ತಿರುತ್ತಾರೆ, ಮಕ್ಕಳಿಗೆ ಶೇಂಗಾ ಕೊಡಿಸುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ಯಾರೂ ಕೂಗುವುದಿಲ್ಲ. ಆದರೆ ಭಾಗವತರಿಗೆ ಗೊತ್ತಾಗುತ್ತದೆ, ಮದ್ದಳೆಯವರಿಗೆ ಗೊತ್ತಾಗುತ್ತದೆ, ವೇಷ ಕಟ್ಟುವ ಚೌಕಿಗೆ ಹೋದ ಮೇಲೆ ಬೈಗುಳವೂ ಸಿಗುತ್ತದೆ. ಹುಡುಗ ಅಲ್ಲೇ ಪರದೆಯ ಮಗ್ಗುಲಲ್ಲಿ ನಿಂತು ನಡುರಾತ್ರಿ ಎರಡನೇ ವೇಷದವರ ಮಾತು ಕೇಳುತ್ತಾನೆ, ಬೆಳಗಿನ ಜಾವ ದೊಡ್ಡವರ ಯುದ್ಧದ ಕುಣಿತ ನೋಡುತ್ತಾನೆ. ತಿರುಗಾಟದಿಂದ ತಿರುಗಾಟಕ್ಕೆ ಹೀಗೇ ಮೇಲೆ ಬರುತ್ತಾನೆ.

ಕಾಲಮಿತಿ ಬಂದಾಗ ಎಂತ ಕತ್ತರಿಸಬೇಕು ಅಂತ ಪ್ರಶ್ನೆ. ಕಥೆ ಕತ್ತರಿಸಿದರೆ ಪ್ರಸಂಗವೇ ಇಲ್ಲ. ದೊಡ್ಡ ಕಲಾವಿದರ ಪದ್ಯ ಕತ್ತರಿಸಿದರೆ ಟಿಕೆಟ್ ತೆಗೆದವರು ಬಿಡುವುದಿಲ್ಲ. ಹೋದದ್ದು ಪೂರ್ವರಂಗ, ಅಂದರೆ ಕಥೆಗೆ ಮೊದಲಿನ ಈ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷದ ಭಾಗ. ಮೂರು ಗಂಟೆಯ ಆಟದಲ್ಲಿ ಕೋಡಂಗಿಗೆ ಜಾಗ ಎಲ್ಲಿ? ಬೆಂಗಳೂರಿನ ಸಭಾಂಗಣದಲ್ಲಿ ಒಂಬತ್ತೂವರೆಗೆ ಬಾಗಿಲು ಹಾಕುತ್ತಾರೆ. ವಿದೇಶಕ್ಕೆ ಹೋದ ತಂಡಕ್ಕೆ ಎರಡು ಗಂಟೆಯಾದರೆ ಹೆಚ್ಚು. ಮರುದಿನ ಆಫೀಸಿಗೆ ಹೋಗುವವರನ್ನು ಬೆಳತನಕ ಕೂರಿಸಲಿಕ್ಕೂ ಆಗುವುದಿಲ್ಲ. ಆ ಒತ್ತಡ ಸುಳ್ಳಲ್ಲ.

ಕಾಲಮಿತಿ ಬೇಡ ಅಂತ ನನ್ನ ವಾದವಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳವೇ ದೇಶ ವಿದೇಶ ಸುತ್ತಿದೆ, ಅಲ್ಲಿನ ಸಮಯಕ್ಕೆ ಹೊಂದಿಸಿಯೇ ಆಡಿದೆ. ಆದರೆ ಅವರ ಮಗ ಶಂಭು ಹೆಗಡೆಯವರು ಇನ್ನೊಂದು ಕೆಲಸವನ್ನೂ ಮಾಡಿದರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ತೆರೆದು ಹುಡುಗರನ್ನು ಕೂರಿಸಿ ಹೆಜ್ಜೆ, ತಾಳ, ಮಾತು ಕಲಿಸುವ ವ್ಯವಸ್ಥೆ ಮಾಡಿದರು. ರಂಗದಲ್ಲಿ ಕಲಿಯುವವರ ಹೊತ್ತು ಕಮ್ಮಿ ಆದರೆ ಅದಕ್ಕೆ ಬೇರೆ ಕಡೆ ಜಾಗ ಮಾಡಿಕೊಡಬೇಕು. ಬರೀ ಕತ್ತರಿಸಿ ಸುಮ್ಮನಾದರೆ ಹತ್ತು ವರ್ಷದ ನಂತರ ಮುಖ್ಯ ವೇಷಕ್ಕೇ ಜನ ಸಿಗುವುದಿಲ್ಲ.

ನಿಮ್ಮ ಆ 16 ತಂಡಗಳು ನಿಮ್ಮ ಪಂದ್ಯಾವಳಿಯ ಪೂರ್ವರಂಗ. ಅದನ್ನು ಬಿಡುವ ಮೊದಲು ಇನ್ನೊಮ್ಮೆ ಯೋಚನೆ ಮಾಡಿ.


ಬಲಮೂಲೆ (ಕುಮಟಾ)

ಏರುಮದ್ದಳೆಯವರೇ, ನಿಮ್ಮ ಮಾತು ತೂಕದ್ದು. ಆದರೆ ಕಬಡ್ಡಿ ಹುಡುಗ ಈಗ ಮಣ್ಣಿನ ಮೇಲೇ ಕಲಿತು ನಿಂತರೆ ಮುಂದೆ ಅವನಿಗೇ ತೊಂದರೆ. ರಾಜ್ಯ ಮಟ್ಟದ ಆಯ್ಕೆ ಆಗುವುದು ಮ್ಯಾಟ್ ಮೇಲೆ. ಮಣ್ಣಿನಲ್ಲಿ ಬರಿಗಾಲಲ್ಲಿ ಜಾರಿಸಿ ತಿರುಗಿದ ಹಾಗೆ ಮ್ಯಾಟ್ ಮೇಲೆ ಶೂ ಹಾಕಿ ತಿರುಗಲಿಕ್ಕೆ ಬರುವುದಿಲ್ಲ, ಹಿಮ್ಮಡಿ ಹಿಡಿದುಕೊಳ್ಳುತ್ತದೆ.

ಹೊರಗಿನವರು ಎಷ್ಟು ಬೇಗ ಕಲಿತರು ಅಂತಲೂ ನೋಡಬೇಕು. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಗಂಡಸರ ತಂಡವನ್ನು ಸೆಮಿಫೈನಲ್‌ನಲ್ಲಿ ಇರಾನ್ 27-18ರಿಂದ ಸೋಲಿಸಿತು. ಹೆಂಗಸರ ಫೈನಲ್‌ನಲ್ಲೂ ಇರಾನೇ ಗೆದ್ದಿತು, 27-24. ಆ ಇರಾನ್ ಹೆಂಗಸರಿಗೆ ಕಲಿಸಿದವರು ನಾಸಿಕದ ಶೈಲಜಾ ಜೈನ್. ಆ ಸೋಲು ನೋಡಿ ನನಗೆ ಬೇಜಾರೇನೋ ಆಯಿತು, ಆದರೆ ನಮ್ಮ ಆಟ ನಿಜವಾಗಿ ಲೋಕಕ್ಕೆ ಹೋಯಿತು ಅಂತ ಹೆಮ್ಮೆಯೂ ಆಯಿತು.


ಇಶಾಡ (ಅಂಕೋಲಾ)

ಬಲಮೂಲೆ ಅಣ್ಣ, ಹೆಂಗಸರ ಫೈನಲ್ ನೆನಪಿಟ್ಟುಕೊಂಡಿದ್ದಕ್ಕೆ ಸಂತೋಷ. ಅದೇ ಹೆಂಗಸರಿಗೆ ಪ್ರೊ ಕಬಡ್ಡಿಯಂಥ ಲೀಗ್ ಎಲ್ಲಿದೆ ಅಂತ ಕೇಳುತ್ತೇನೆ.

2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೇ ಮಹಿಳಾ ಕಬಡ್ಡಿ ಚಾಲೆಂಜ್ ಅಂತ ಮಾಡಿದರು. ಮೂರೇ ತಂಡ. ಒಂದೇ ವರ್ಷ. ಆಮೇಲೆ ಕೈಬಿಟ್ಟರು. ಮಮತಾ ಪೂಜಾರಿ ಕಾರ್ಕಳದ ಕಡೆಯವರು, 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ತೇಜಸ್ವಿನಿ ಬಾಯಿಯವರೂ ನಮ್ಮ ರಾಜ್ಯದವರೇ. ಕರಾವಳಿಯ ಹೈಸ್ಕೂಲ್ ಹುಡುಗಿಯರು ಇವರ ಹೆಸರು ಕೇಳಿ ಅಂಕಣಕ್ಕೆ ಇಳಿದವರು. ಗಂಡು ಮಕ್ಕಳ ಹರಾಜು ಕೋಟಿ ದಾಟಿತು, ಹೆಣ್ಣು ಮಕ್ಕಳಿಗೆ ಅಂಥ ದುಡ್ಡು ಬರಲೇ ಇಲ್ಲ.

ನಾನು ಆಡುವಾಗ ನಮ್ಮದು ಹಬ್ಬದ ದಿನದ ಆಟ. ಶಾಲೆಯ ಹಿಂದಿನ ಗದ್ದೆ, ಸುಣ್ಣದ ಗೆರೆ. ಚೂಡಿದಾರಕ್ಕೆ ಪಿನ್ ಹಾಕಿ ಬಿಗಿ ಮಾಡಿಕೊಂಡು ಆಡುತ್ತಿದ್ದೆವು. ಈಗ ಜೆರ್ಸಿ ಇದೆ, ಮೊಣಕಾಲಿಗೆ ಪ್ಯಾಡ್ ಇದೆ, ಮನೆಯವರು ಬೈಯುವುದೂ ಕಮ್ಮಿ. ಟಿವಿ ಕಬಡ್ಡಿ ಆ ಉಪಕಾರ ಮಾಡಿದೆ. ಆದರೆ ಊರಿನ ಪಂದ್ಯಾವಳಿ 8 ತಂಡಕ್ಕೆ ಇಳಿದಾಗ ಮೊದಲು ಹೋಗುವುದು "ಹೆಂಗಸರ ಪ್ರದರ್ಶನ ಪಂದ್ಯ". ಎರಡು ಕಡೆ ನಾನೇ ಕಣ್ಣಾರೆ ನೋಡಿದ್ದೇನೆ. ಲೈವ್‌ಗೆ ಹೊತ್ತು ಸಾಲುವುದಿಲ್ಲ ಅಂದರು.

ಶಾಲ್ಮಲೆಯವರೇ, ನಿಮ್ಮ ಪಟ್ಟಿಯಲ್ಲಿ ಹೆಂಗಸರ ಪಂದ್ಯ ಇದೆಯಾ? ನಿಮ್ಮ ಬರಹದಲ್ಲಿ ಕಾಣಲಿಲ್ಲ.


ಕಾಳಿ ದಂಡೆ (ಕಾರವಾರ)

ನಮ್ಮ ಕಡೆ ಕಬಡ್ಡಿಗಿಂತ ಅಂಡರ್‌ಆರ್ಮ್ ಕ್ರಿಕೆಟ್ ಜೋರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಟೆನಿಸ್ ಚೆಂಡು, ಸಣ್ಣ ಜಾಗ, ಕೈ ಭುಜದ ಮೇಲೆ ಎತ್ತದೆ ಕೆಳಗಿನಿಂದ ಎಸೆಯುವುದು. 1981ರಲ್ಲಿ ಮೆಲ್ಬರ್ನ್‌ನಲ್ಲಿ ಟ್ರೆವರ್ ಚಾಪೆಲ್ ನ್ಯೂಜಿಲೆಂಡ್ ವಿರುದ್ಧ ಕೊನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿ ರಾದ್ಧಾಂತ ಆದ ಮೇಲೆ ದೊಡ್ಡ ಕ್ರಿಕೆಟ್ ಇದನ್ನು ಹೊರಗಿಟ್ಟಿತು. ಕಾರವಾರ, ಗೋವಾ ಕಡೆಯ ಗದ್ದೆಗಳಲ್ಲಿ ಅದು ಗಟ್ಟಿಯಾಗಿ ಬದುಕಿದೆ. ಮೈದಾನ ಇಲ್ಲದವರ ಆಟ ಇದು. ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ನಮಗೆ ಸಮತಟ್ಟು ಜಾಗ ಇರುವುದೇ ಅಷ್ಟು.

2008ರಲ್ಲಿ ಐಪಿಎಲ್ ಬಂತಲ್ಲ, ಸ್ವಲ್ಪ ವರ್ಷದಲ್ಲಿ ಕೇರಿಗೊಂದು ಪ್ರೀಮಿಯರ್ ಲೀಗ್ ಆಯಿತು. ಮಾಲೀಕರು, ಬಣ್ಣದ ಜೆರ್ಸಿ, ಹರಾಜು. ಒಂದು ಹರಾಜಿಗೆ ನಾನು ಹೋಗಿದ್ದೆ. ದೇವಸ್ಥಾನದ ಸಭಾಭವನ. ಮುಂದೆ ಆರು ಮೇಜು, ಮೇಜಿಗೊಬ್ಬ ಮಾಲೀಕ: ದೋಣಿ ಇದ್ದವರು, ಕಾಂಟ್ರಾಕ್ಟರು, ದುಬೈಯಿಂದ ರಜೆಗೆ ಬಂದವರು. ಹಿಂದೆ ಕುರ್ಚಿಯಲ್ಲಿ ಆಡುವ ಹುಡುಗರು. ಪರದೆಯ ಮೇಲೆ ಒಬ್ಬೊಬ್ಬರ ಫೋಟೋ ಬರುತ್ತದೆ, ಮೂಲ ಬೆಲೆ ಇಷ್ಟು ಪಾಯಿಂಟ್ ಅಂತ ಕೂಗುತ್ತಾರೆ. ಬೇಕಾದವರಿಗೆ ಪೈಪೋಟಿ, ಚಪ್ಪಾಳೆ. ಕೆಲವರ ಫೋಟೋ ಬಂದಾಗ ಯಾವ ಮೇಜಿನಿಂದಲೂ ಕೈ ಏಳುವುದಿಲ್ಲ. ಮೈಕಿನಲ್ಲಿ ಮೂರು ಸಲ ಕೇಳಿ "ಅನ್‌ಸೋಲ್ಡ್" ಅಂತ ಹೇಳಿ ಮುಂದಿನ ಫೋಟೋಕ್ಕೆ ಹೋಗುತ್ತಾರೆ. ಆ ಹುಡುಗ ಅಲ್ಲೇ ಕೂತಿರುತ್ತಾನೆ. ಅವನ ಅಪ್ಪ ಬಾಗಿಲ ಹತ್ತಿರ ನಿಂತಿರುತ್ತಾರೆ.

ಮೊದಲು ಹೀಗಿರಲಿಲ್ಲ. ಗದ್ದೆಗೆ ಎಷ್ಟು ಜನ ಬಂದರೋ ಅಷ್ಟೂ ಜನರನ್ನು ಇಬ್ಬರು ನಾಯಕರು ಹಂಚಿಕೊಳ್ಳುತ್ತಿದ್ದರು, ಕೊನೆಗೆ ಉಳಿದವನೂ ಒಂದು ಕಡೆಗೆ ಸೇರಿಯೇ ಸೇರುತ್ತಿದ್ದ. ಲೀಗ್ ಬೇಡ ಅನ್ನುವುದಿಲ್ಲ. ಆ ದುಡ್ಡಿನಲ್ಲಿ ನಮ್ಮೂರಲ್ಲಿ ಒಂದು ಆಂಬುಲೆನ್ಸ್ ಬಂದಿದೆ. ಆದರೆ ಮಾರಾಟವಾಗದ ಹುಡುಗರು ಭಾನುವಾರ ಗದ್ದೆಗೆ ಬರುವುದನ್ನೇ ಬಿಟ್ಟಿದ್ದಾರೆ. ಇದು ನನಗೆ ಸರಿ ಕಾಣುವುದಿಲ್ಲ. ಈಗ ನಾವು ಕೆಲವರು ಒಂದು ನಿಯಮಕ್ಕೆ ಒತ್ತಾಯ ಮಾಡುತ್ತಿದ್ದೇವೆ: ಹರಾಜಿನಲ್ಲಿ ಉಳಿದವರನ್ನು ಚೀಟಿ ಎತ್ತಿ ಎಲ್ಲ ತಂಡಕ್ಕೂ ಹಂಚಬೇಕು, ಹಂಚಿದ ಮೇಲೆ ಒಂದು ಪಂದ್ಯವಾದರೂ ಆಡಿಸಲೇಬೇಕು.


ಸುಗ್ಗಿ ತುರಾಯಿ (ಅಂಕೋಲಾ)

ಎಲ್ಲದಕ್ಕೂ ಹೊರಗಿನ ಗಾಳಿಯನ್ನೇ ದೂರಬೇಡಿ. ಹಾಲಕ್ಕಿ ಒಕ್ಕಲಿಗರ ಹಾಡುಗಾರ್ತಿ, ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಹಾಲಕ್ಕಿ ಹಾಡು ಅಂದರೆ ಎಂತದು ಅಂತ ರಾಜ್ಯದವರೆಲ್ಲ ಕೇಳಿದರು. ಅವರ ಹಾಡು ಇವತ್ತು ಮೊಬೈಲಿನಲ್ಲಿ ಸಿಗುತ್ತದೆ. ಊರು ಬಿಟ್ಟು ಬೆಂಗಳೂರಲ್ಲಿರುವ ನಮ್ಮ ಮಕ್ಕಳು ಕೇಳಿ ಕಲಿಯುತ್ತಾರೆ. ಮೈಕು, ಕ್ಯಾಮರಾ ಇಲ್ಲದೇ ಹೋಗಿದ್ದರೆ ಅವರೊಟ್ಟಿಗೇ ಹೋಗುತ್ತಿತ್ತು.


ಬೇಡ್ತಿ (ಯಲ್ಲಾಪುರ)

ಕಲಿಯಲು ಹೊತ್ತು ಕೊಡುವ ಮಾತು ಬಂತು, ನಮ್ಮ ಜಿಲ್ಲೆಯದೇ ಒಂದು ಸಂಗತಿ ಹೇಳಲೇಬೇಕು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಯಲ್ಲಾಪುರ, ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆಯ್ದು ಹಾಸ್ಟೆಲ್ಲಿನಲ್ಲಿಟ್ಟು ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಆಫ್ರಿಕಾದ ಓಟಗಾರರು ಲೋಕದಲ್ಲೆಲ್ಲ ಪದಕ ಬಾಚುತ್ತಿದ್ದ ಕಾಲ. ಆ ಮೂಲದವರು ನಮ್ಮ ಕಾಡಿನಲ್ಲೂ ಇದ್ದಾರಲ್ಲ, ಒಲಿಂಪಿಕ್ಸ್‌ಗೆ ತಯಾರು ಮಾಡೋಣ ಅಂತ ಯೋಚನೆ. ಕಮಲಾ ಸಿದ್ದಿಯವರಂಥ ಒಳ್ಳೆಯ ಅಥ್ಲೀಟ್‌ಗಳು ಬಂದರು ಕೂಡ. 1990ರ ದಶಕದ ಆರಂಭದಲ್ಲೇ ಅದನ್ನು ನಿಲ್ಲಿಸಿಬಿಟ್ಟರು. ಮಕ್ಕಳು ಊರಿಗೆ ವಾಪಸಾದರು.

ಒಬ್ಬ ಅಥ್ಲೀಟ್ ಪಕ್ವವಾಗಲು ಎಂಟು ಹತ್ತು ವರ್ಷ ಬೇಕು. ಅಷ್ಟರೊಳಗೆ ಪದಕ ಎಲ್ಲಿ ಅಂತ ಕೇಳಿದರೆ ಹೇಗೆ? ಮೈಕಟ್ಟು ನೋಡಿ ಆಯ್ದರು, ಮಗುವನ್ನು ನೋಡಿ ಆಯಲಿಲ್ಲ. ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ, ಅಂದರೆ ಆ ಮಕ್ಕಳು ಟ್ರ್ಯಾಕ್ ಬಿಟ್ಟು ಬಂದಾಗ ಕೈಹಿಡಿಯಲು ಅದೂ ಇರಲಿಲ್ಲ. ಇವತ್ತು ಸಿದ್ದಿಯರ ಡಮಾಮಿ ಕುಣಿತಕ್ಕೆ ರೆಸಾರ್ಟ್‌ಗಳಿಂದ ಕರೆ ಬರುತ್ತದೆ, ಓಡುವ ಮಗುವಿಗೆ ತಾಲೂಕಿನಲ್ಲಿ ಒಬ್ಬ ಕೋಚ್ ಬೇಕು ಅಂದರೆ ಹುಡುಕಬೇಕು.


ಘಟ್ಟದಾಚೆ (ಊರು ಸಿದ್ದಾಪುರ, ಕೆಲಸ ಮಡಿಕೇರಿ)

ಮ್ಯಾಟ್ ವಿಷಯದಲ್ಲಿ ಹಾಕಿಯ ಕಥೆ ನೋಡಿ. 1928ರಿಂದ 1956ರವರೆಗೆ ಸತತ ಆರು ಒಲಿಂಪಿಕ್ ಚಿನ್ನ. 1975ರಲ್ಲಿ ಕೌಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದೆವು. ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಟರ್ಫ್ ಬಂತು, ನಾವು ಏಳನೇ ಸ್ಥಾನಕ್ಕೆ ಬಂದೆವು. ಟರ್ಫ್ ಒಂದೇ ಕಾರಣವಲ್ಲ, ಆಡಳಿತದ ಜಗಳವೂ ಇತ್ತು. ಆದರೆ ಹುಲ್ಲಿನ ಮೇಲೆ ಡ್ರಿಬಲ್ ಮಾಡಿ ಬೆಳೆದ ಹಳ್ಳಿ ಹುಡುಗನಿಗೆ ಟರ್ಫ್ ಅಂದರೆ ದೂರದ ಊರಿನ ವಸ್ತು. ಶ್ರೀಮಂತ ದೇಶಗಳು ಊರೂರಿಗೆ ಹಾಸಿದವು. 1980ರ ಮಾಸ್ಕೋ ಚಿನ್ನದ ನಂತರ ನಾವು ಟೋಕಿಯೊ, ಪ್ಯಾರಿಸ್‌ನ ಕಂಚಿಗೆ ಬರಲು ನಾಲ್ಕು ದಶಕ ಹಿಡಿಯಿತು. ಹಾಕಿ ರಾಷ್ಟ್ರೀಯ ಕ್ರೀಡೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಅಂತ 2012ರಲ್ಲಿ ಸರ್ಕಾರವೇ ಮಾಹಿತಿ ಹಕ್ಕಿನಡಿ ಉತ್ತರ ಕೊಟ್ಟಿತು.

ಇಲ್ಲಿ ಕೊಡಗಿನವರು ಬೇರೆ ದಾರಿ ಹಿಡಿದರು. ಕೊಡವ ಕೌಟುಂಬಿಕ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳ ತಂಡ ಆಡಿದವು, ಗಿನ್ನೆಸ್ ದಾಖಲೆ ಆಯಿತು. ಮನೆತನದ ಹೆಸರಿನ ತಂಡ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಿದ್ದನ್ನು ನಾನು ನೋಡಿದ್ದೇನೆ. ಹೆಚ್ಚಿನ ತಂಡಗಳು ಮೊದಲ ಒಂದೆರಡು ಪಂದ್ಯದಲ್ಲೇ ಸೋತು ಹೋಗುತ್ತವೆ, ಯಾರೂ ಅವರನ್ನು ಬರಬೇಡಿ ಅನ್ನುವುದಿಲ್ಲ. ಪ್ರಾಯೋಜಕರೂ ಇದ್ದಾರೆ, ಲೈವೂ ಇದೆ. ಹೊತ್ತು ಸಾಲದಿದ್ದರೆ ಅವರು ದಿನ ಹೆಚ್ಚು ಮಾಡುತ್ತಾರೆ, ತಂಡ ಕಡಿಮೆ ಮಾಡುವುದಿಲ್ಲ.


ಶಾಲ್ಮಲೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಕಮಿಟಿಯಲ್ಲಿ ಈ ಮಾತೆಲ್ಲ ಓದಿ ಹೇಳಿದೆ. "ದಿನ ಹೆಚ್ಚು ಮಾಡಿ" ಅನ್ನುವುದು ಎಲ್ಲರಿಗೂ ಹಿಡಿಸಿತು. ಶನಿವಾರ ಮಧ್ಯಾಹ್ನದಿಂದ ಮಣ್ಣಿನ ಅಂಕಣದಲ್ಲಿ ಬಂದ ಎಲ್ಲ ತಂಡಗಳಿಗೂ ಪಂದ್ಯ, ಶುಲ್ಕ ಹಳೆಯದೇ. ಅದರಲ್ಲಿ ಗೆದ್ದ 8 ತಂಡಗಳಿಗೆ ಭಾನುವಾರ ಸಂಜೆ ಮ್ಯಾಟ್ ಮೇಲೆ ಆಟ. ಶನಿವಾರ ಸೋತವರಿಗೂ ಭಾನುವಾರದ ಊಟ, ಗೆರೆ ಪಕ್ಕದಲ್ಲಿ ಕೂರುವ ಜಾಗ. ಭಾನುವಾರ ಬೆಳಿಗ್ಗೆ ಮ್ಯಾಟ್ ಖಾಲಿ ಇರುವಾಗ ಸಣ್ಣ ತಂಡದ ಹುಡುಗರಿಗೆ ಶೂ ಹಾಕಿ ಆಡಲು ಬಿಡುವುದು. ಬಲಮೂಲೆಯವರೇ, ನಿಮ್ಮನ್ನು ಅವತ್ತು ಕರೆಸಬೇಕು ಅಂತಿದ್ದೇವೆ, ಕಾರ್ನರ್ ಹಿಡಿತ ಹೇಳಿಕೊಡಬೇಕು.

ಇಶಾಡ ಅಕ್ಕ, ಹೆಂಗಸರ ಪಂದ್ಯ ಪ್ರದರ್ಶನಕ್ಕಲ್ಲ, ನಾಲ್ಕು ತಂಡದ ಸ್ಪರ್ಧೆಯಾಗಿಯೇ ಇಡುತ್ತೇವೆ, ಫೈನಲ್ ಭಾನುವಾರ ಲೈವ್ ಹೊತ್ತಿನಲ್ಲೇ. ಬಹುಮಾನದ ಮೊತ್ತದ ಬಗ್ಗೆ ಇನ್ನೂ ಜಗಳ ನಡೆಯುತ್ತಿದೆ. ಸಮಾನ ಆಗಬೇಕು ಅಂತ ನಾನು ಪಟ್ಟು ಹಿಡಿದಿದ್ದೇನೆ.


ಇಶಾಡ (ಅಂಕೋಲಾ)

ಪಟ್ಟು ಬಿಡಬೇಡಿ. ಅಂಕೋಲೆಯಿಂದ ಒಂದು ತಂಡ ಖಂಡಿತ ಬರುತ್ತದೆ. ಬಟ್ಟೆ ಬದಲಿಸಲು ಬೀಗ ಇರುವ ಒಂದು ಕೋಣೆ, ಹತ್ತಿರದಲ್ಲಿ ಶೌಚಾಲಯ, ಇವೆರಡು ಮೊದಲೇ ನೋಡಿ ಇಡಿ. ಇದಿಲ್ಲದೇ ಎಷ್ಟೋ ಹುಡುಗಿಯರು ಅರ್ಧ ದಿನ ನೀರು ಕುಡಿಯದೆ ಆಡುತ್ತಾರೆ.


ಬಲಮೂಲೆ (ಕುಮಟಾ)

ಬರುತ್ತೇನೆ, ಟೆಂಪೋ ಕಳಿಸುವುದೂ ಬೇಡ. ಮಣ್ಣಿನ ಅಂಕಣ ಮಾಡುವುದಾದರೆ ಸರಿಯಾಗಿ ಮಾಡಿ. ಒಂದು ವಾರ ಮೊದಲೇ ನೆಲ ಅಗೆದು ಸಡಿಲ ಮಾಡಿ ಕಲ್ಲು ಆರಿಸಿ. ಜರಡಿ ಹಿಡಿದ ಮಣ್ಣಿಗೆ ಒಣಗಿದ ಗೊಬ್ಬರ, ಸಾಮಿಲ್ಲಿನ ಮರದ ಪುಡಿ ಬೆರೆಸಿ ಹರಡಿ. ದಿನಾ ಸಂಜೆ ನೀರು ಚಿಮುಕಿಸಿ ತುಳಿಯಿರಿ, ಆದರೆ ಗಟ್ಟಿ ಕಟ್ಟಬಾರದು, ಹೆಬ್ಬೆರಳು ಒತ್ತಿದರೆ ಒಳಗೆ ಹೋಗಬೇಕು. ಅಳತೆ ಗಂಡಸರಿಗೆ 13 ಗುಣಿಸು 10 ಮೀಟರ್, ಹೆಂಗಸರಿಗೆ 12 ಗುಣಿಸು 8. ಸಣ್ಣ ಹುಡುಗರ ಪಂದ್ಯ ಇಟ್ಟರೆ 11 ಗುಣಿಸು 8 ಸಾಕು, ದೊಡ್ಡವರ ಅಂಕಣದಲ್ಲಿ ಅವರನ್ನು ಓಡಿಸಬೇಡಿ. ಗೆರೆಗೆ ಸುಣ್ಣ ಬೇಡ, ಬಿದ್ದಾಗ ಕಣ್ಣಿಗೆ ಹೋಗುತ್ತದೆ. ಅಗಲದ ಬಿಳಿ ಪಟ್ಟಿ ಹಾಸಿ ಮೊಳೆ ಕಾಣದ ಹಾಗೆ ಮಣ್ಣಿನೊಳಗೆ ಹೂತುಬಿಡಿ. ಶುಕ್ರವಾರ ಸಂಜೆ ನಾನೇ ಬಂದು ಬರಿಗಾಲಲ್ಲಿ ಒಂದು ಸುತ್ತು ನಡೆದು ನೋಡುತ್ತೇನೆ.